ತೀರ್ಪಿಗೆ ಮೊದಲೇ ಶಿಕ್ಷೆ

ಫಿಲಿಪ್ಪೀನ್ಸ್‌ನ ಮನಿಲಾ ಮಹಾನಗರದ ಕ್ವೆಜಾನ್ ಸಿಟಿ ಜೈಲಿನಲ್ಲಿ ಸಂಜೆಯಾದರೆ ಸಾಕು, ಈ ರಾತ್ರಿ ಮೈ ಚಾಚುವುದೆಲ್ಲಿ ಎಂಬ ಚಿಂತೆ ಶುರುವಾಗುತ್ತಿತ್ತು. ಅದು ಸುಮಾರು 800 ಜನರಿಗೆಂದು ಕಟ್ಟಿದ ಹಳೆಯ ಜೈಲು. 2016ರಲ್ಲಿ ರೊಡ್ರಿಗೊ ಡುಟರ್ಟೆ ಅಧ್ಯಕ್ಷರಾಗಿ ಮಾದಕ ವಸ್ತುಗಳ ವಿರುದ್ಧ ಸಮರ ಸಾರಿದ ಹೊತ್ತಿಗೆ ಒಳಗಿದ್ದವರು 3,800ರಷ್ಟು ಮಂದಿ.

ಕೋಣೆಗಳು ಭರ್ತಿಯಾದ ಮೇಲೆ ಜನ ಮೆಟ್ಟಿಲುಗಳ ಮೇಲೆ ಮುದುರಿಕೊಂಡು ಮಲಗಿದರು. ಕೆಲವರು ಹಳೆಯ ಹೊದಿಕೆಗಳನ್ನು ಜೋಲಿಯಂತೆ ಕಟ್ಟಿ ತೂಗಿಕೊಂಡರು. ಉಳಿದವರಿಗೆ ಬ್ಯಾಸ್ಕೆಟ್‌ಬಾಲ್ ಅಂಕಣದ ಸಿಮೆಂಟ್ ನೆಲವೇ ಗತಿ. ಅಲ್ಲಿ ಒಬ್ಬ ಮಗ್ಗುಲು ಬದಲಿಸಿದರೆ ಪಕ್ಕದವನಿಗೆ ಎಚ್ಚರ. ಮಳೆ ಬಂತೆಂದರೆ ಎಲ್ಲರ ನಿದ್ದೆಗೂ ಸಂಚಕಾರ. ಅಷ್ಟು ಜಾಗವೂ ಸಿಗದವರು ಪಾಳಿಯ ಮೇಲೆ ಮಲಗುತ್ತಿದ್ದರು.

ಸರ್ಕಾರ ತಲೆಗೆ ದಿನವೊಂದಕ್ಕೆ ಕೊಡುತ್ತಿದ್ದದ್ದು ಊಟಕ್ಕೆ 50 ಪೆಸೊ, ಔಷಧಿಗೆ 5 ಪೆಸೊ. ಊಟದ ಹಣ ಅಂದಿನ ನಮ್ಮ ಲೆಕ್ಕದಲ್ಲಿ ಎಪ್ಪತ್ತು ರೂಪಾಯಿಯ ಆಸುಪಾಸು. ಮೂರು ಹೊತ್ತೂ ಅದರಲ್ಲೇ ಆಗಬೇಕು. ಭೇಟಿಗೆ ಬರುವ ಹೆಂಡತಿಯೋ ತಾಯಿಯೋ ತರುವ ಬುತ್ತಿ ಇಲ್ಲದಿದ್ದರೆ ಅರೆಹೊಟ್ಟೆಯೇ. ಮೈಗೆ ಮೈ ತಾಗುವ ಆ ಸೆಕೆಯಲ್ಲಿ ಕುರು, ತುರಿ, ಕ್ಷಯ ಹರಡದೆ ಇನ್ನೇನಾದೀತು?

ಕಾವಲುಗಾರರು ಬೆರಳೆಣಿಕೆಯಷ್ಟು. ಹೀಗಾಗಿ ಒಳಗಿನ ಆಡಳಿತ ಕೈದಿಗಳದ್ದೇ. ಒಂದೊಂದು ಕೋಣೆಗೂ ಒಬ್ಬ ‘ಮೇಯರ್’ ಇರುತ್ತಿದ್ದ. ಮಲಗುವ ಜಾಗ ಹಂಚುವುದು, ಕಸ ಗುಡಿಸುವ ಸರದಿ ಗೊತ್ತುಮಾಡುವುದು, ಜಗಳ ಬಿಡಿಸುವುದು ಅವನ ಕೆಲಸ. ಸ್ಪುಟ್ನಿಕ್, ಕಮಾಂಡೊ ಮುಂತಾದ ಗುಂಪುಗಳಲ್ಲೊಂದಕ್ಕೆ ಸೇರಿಕೊಂಡವನಿಗೆ ರಕ್ಷಣೆ. ಹಣವಿದ್ದವನಿಗೆ ಹಲಗೆ ಮರೆಯ ಪುಟ್ಟ ಗೂಡು, ಇಲ್ಲದವನಿಗೆ ಬರಿನೆಲ. ಹೊರಗಿನ ಬಡತನ ಒಳಗೂ ಬೆನ್ನು ಬಿಡುವುದಿಲ್ಲ.

ಈ ವ್ಯವಸ್ಥೆಯನ್ನು ಒಳಗಿದ್ದೇ ಕಂಡು ಬರೆದವರು ರೇಮಂಡ್ ನರಾಗ್. ವಿದ್ಯಾರ್ಥಿ ಗುಂಪುಗಳ ಘರ್ಷಣೆಯಲ್ಲಿ ನಡೆದ ಕೊಲೆಯ ಆರೋಪ ಹೊತ್ತು, ಇಪ್ಪತ್ತರ ಹರೆಯದಲ್ಲಿ ಅವರು ಈ ಜೈಲು ಸೇರಿದರು. ಏಳು ವರ್ಷಕ್ಕೆ ಹತ್ತಿರ ಕಾದ ಮೇಲೆ, 2002ರಲ್ಲಿ, ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ಮುಂದೆ ಅವರು ಅಮೆರಿಕದಲ್ಲಿ ಅಪರಾಧಶಾಸ್ತ್ರದ ಪ್ರಾಧ್ಯಾಪಕರಾದರು. ಅವರಷ್ಟು ಓದಿರದ, ವಕೀಲರಿಗೆ ಹಣ ಹೊಂದಿಸಲಾಗದ ಸಾವಿರಾರು ಜನರ ಪಾಡು ಯಾರು ಬರೆಯುತ್ತಾರೆ?

ನನ್ನನ್ನು ಹೆಚ್ಚು ಕಾಡುವುದು ಇದೇ. ಅಲ್ಲಿದ್ದವರಲ್ಲಿ ಬಹುಪಾಲು ಜನ ವಿಚಾರಣಾಧೀನರು. ತಪ್ಪಿತಸ್ಥರೆಂದು ಯಾರೂ ಇನ್ನೂ ಹೇಳಿರಲಿಲ್ಲ. 2002ರ ಮಾದಕ ವಸ್ತು ಕಾಯ್ದೆಯಂತೆ, ಚಿಟಿಕೆಯಷ್ಟು ಮೆಥಾಂಫೆಟಮೀನ್ ಮಾರಿದ ಆರೋಪಕ್ಕೂ ಜೀವಾವಧಿ ಶಿಕ್ಷೆ ಆಗಬಹುದು. ಹಾಗಾಗಿ ಜಾಮೀನು ದುರ್ಲಭ. ಸಣ್ಣ ಅಪರಾಧ ಒಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ದಾರಿಯನ್ನೂ ಆ ಕಾಯ್ದೆ ಮುಚ್ಚಿತ್ತು. ಅಲ್ಲಿನ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ರದ್ದು ಮಾಡಿದ್ದು 2017ರ ಆಗಸ್ಟ್‌ನಲ್ಲಿ.

ಈಚಿನ ವರ್ಷಗಳಲ್ಲಿ ಅದೇ ನಗರದ ಪಯಾಟಾಸ್‌ನಲ್ಲಿ ಹೊಸ ಜೈಲು ಕಟ್ಟಿದ್ದಾರೆ. ಮಲಗಲು ಜಾಗ ಬೇಕೇ ಬೇಕು, ಅದು ಒಳ್ಳೆಯ ಕೆಲಸವೇ. ಆದರೆ ವಾಯಿದೆಯ ಮೇಲೆ ವಾಯಿದೆ ಹಾಕುವ ನ್ಯಾಯಾಲಯಗಳು ಚುರುಕಾಗದಿದ್ದರೆ ಆ ಕಟ್ಟಡವೂ ಹೀಗೆಯೇ ತುಂಬುತ್ತದೆ.