ನಿಂತ ಪಾದ, ನಡೆಯುವ ಪಾದ

ವುಝೂ ಮಾಡಿ ಬಂದಾಗ ನೆಲದ ಮೇಲೆ ಮೂಡುವ ಆಪಾಳ ಹೆಜ್ಜೆಗುರುತು ನಡುವೆ ಸಪೂರವಾಗಿರುತ್ತದೆ. ನನ್ನದು ಇಟ್ಟಿಗೆಯ ಹಾಗೆ ಪೂರ್ತಿ. ಕಾಲೇಜಿಗೆ ಶೂ ಕೊಳ್ಳಲು ಹೋದಾಗ ಅಂಗಡಿಯವರು ನನ್ನನ್ನು ಬರಿಗಾಲಲ್ಲಿ ನಿಲ್ಲಿಸಿ ನೋಡಿ, "ಚಪ್ಪಟೆ ಪಾದ. ನಡಿಗೆ ಕೆಡುತ್ತದೆ. ಈ ಇನ್‌ಸೋಲ್ ಹಾಕಲೇಬೇಕು" ಎಂದರು. ಅದರ ಬೆಲೆ ಶೂವಿನಷ್ಟೇ ಇತ್ತು. ಅಬ್ಬಾ ಒಂದು ಕ್ಷಣ ಸುಮ್ಮನಾದರು. ಯೋಚಿಸಿ ಬರುತ್ತೇವೆ ಎಂದು ಹೊರಬಂದೆವು.

ನನಗೆ ಕಾಲುನೋವಿಲ್ಲ. ಬಸ್ ನಿಲ್ದಾಣದಿಂದ ಕಾಲೇಜಿಗೆ ದಿನವೂ ನಡೆದೇ ಬರುತ್ತೇನೆ. ಹಾಗಾದರೆ ನಿಂತ ಪಾದ ನೋಡಿ ನಡಿಗೆ ಹೇಗಿದೆ ಎಂದು ಹೇಳಬಹುದೇ? ಈ ಬಗ್ಗೆ ಓದತೊಡಗಿದೆ.

ಒಂದು ಪಾದದಲ್ಲಿ 26 ಮೂಳೆಗಳಿವೆ. ಒಳಬದಿಯಲ್ಲಿ ಅವು ಕಮಾನಿನಂತೆ ಜೋಡಣೆಯಾಗಿವೆ. ನಡೆಯುವಾಗ ಹಿಮ್ಮಡಿ ನೆಲ ಮುಟ್ಟಿದ ಕೂಡಲೇ ಪಾದ ತುಸು ಒಳಕ್ಕೆ ವಾಲುತ್ತದೆ, ಕಮಾನು ತಗ್ಗುತ್ತದೆ. ಇದು ದೋಷವಲ್ಲ, ಏಟು ತಾಳಿಕೊಳ್ಳುವ ಕ್ರಮ. ಆಮೇಲೆ ಹಿಮ್ಮಡಿ ಎದ್ದು ಹೆಬ್ಬೆರಳು ಬಾಗಿದಾಗ ಅಂಗಾಲಿನ ಉದ್ದಕ್ಕಿರುವ ಗಟ್ಟಿ ನಾರಿನ ಪಟ್ಟಿ ಬಾವಿಯ ರಾಟೆಯ ಹಗ್ಗದಂತೆ ಬಿಗಿಯಾಗುತ್ತದೆ. ಕಮಾನು ಮೇಲೇಳುತ್ತದೆ. ಪಾದ ಸನ್ನೆಗೋಲಿನಂತೆ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಈ ಕ್ರಿಯೆಯನ್ನು 1954ರಲ್ಲಿ ಬ್ರಿಟನ್ನಿನ ಜೆ.ಎಚ್. ಹಿಕ್ಸ್ ವಿವರಿಸಿದರು.

ನಿಂತ ಪಾದಕ್ಕೂ ಅಳತೆಯಿದೆ. ಫುಟ್ ಪೋಸ್ಚರ್ ಇಂಡೆಕ್ಸ್ ಎಂಬ ವಿಧಾನದಲ್ಲಿ ಆರು ಲಕ್ಷಣಗಳನ್ನು ನೋಡಿ -12ರಿಂದ +12ರವರೆಗೆ ಅಂಕ ಕೊಡುತ್ತಾರೆ. ಹೆಚ್ಚು ಅಂಕ ಬಂದವರ ಪಾದ ನಡೆಯುವಾಗಲೂ ಹೆಚ್ಚು ಒಳಕ್ಕೆ ವಾಲುವ ಸಾಧ್ಯತೆ ಇದೆ. ಆದರೆ ಅಂಕ ನೋಡಿ ಒಬ್ಬರ ನಡಿಗೆಯನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಸುಮ್ಮನೆ ನಿಂತಾಗ ಪಾದದ ಸ್ನಾಯುಗಳಿಗೆ ಕೆಲಸ ಕಡಿಮೆ. ನಡೆಯುವಾಗ ಸ್ನಾಯುಬಲ, ವೇಗ, ಮೊಣಕಾಲು ಮತ್ತು ಸೊಂಟದ ಚಲನೆ ಎಲ್ಲವೂ ಸೇರುತ್ತವೆ.

ನಮ್ಮ ವಾಣಿಜ್ಯ ವಿಭಾಗದವರಿಗೆ ಇದು ಸುಲಭ. ಬ್ಯಾಲೆನ್ಸ್ ಶೀಟ್ ಮಾರ್ಚ್ 31ರ ಒಂದು ದಿನದ ಸ್ಥಿತಿ ತೋರಿಸುತ್ತದೆ. ವರ್ಷವಿಡೀ ವ್ಯಾಪಾರ ಹೇಗೆ ನಡೆಯಿತೆಂದು ತಿಳಿಯಲು ಲಾಭ-ನಷ್ಟ ಖಾತೆ ಬೇಕು. ಎರಡಕ್ಕೂ ಸಂಬಂಧವಿದೆ, ಆದರೆ ಒಂದನ್ನು ನೋಡಿ ಇನ್ನೊಂದನ್ನು ಬರೆಯಲಾಗದು.

ನೀವೂ ತುದಿಗಾಲಲ್ಲಿ ನಿಂತು ನೋಡಿ. ಆಗ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ. ಕಮಾನು ಮೂಡದಿದ್ದರೆ, ನೋವಿದ್ದರೆ, ಅಥವಾ ಒಂದೇ ಪಾದ ಇತ್ತೀಚೆಗೆ ಚಪ್ಪಟೆಯಾಗಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ನಿಂತಷ್ಟೇ ಅಲ್ಲ, ಅವರೆದುರು ನಾಲ್ಕು ಹೆಜ್ಜೆ ನಡೆದೂ ತೋರಿಸಿ.

ನನ್ನ ಕಮಾನು ಮೂಡಿತು. ಅಬ್ಬಾರನ್ನು ಕರೆದು ತೋರಿಸಿದೆ. ಮತ್ತೆ ಅಂಗಡಿಗೆ ಹೋಗಿ ಶೂ ಮಾತ್ರ ತಂದೆವು.