ಹೊಸ ಟ್ಯಾಲಿಗೆ ಹಳೆಯ ಲೆಕ್ಕ ದಾಟಿಸುವ ಬಗೆ

ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿ ಇರಲಿ, ಚಿಂತಾಮಣಿಯ ಗೊಬ್ಬರದ ಅಂಗಡಿ ಇರಲಿ, ಗೌರಿಬಿದನೂರಿನ ಸಣ್ಣ ಕಾರ್ಖಾನೆ ಇರಲಿ, ‘ಎಂಟ್ರಿ ಹಾಕಿದೆಯಾ?’ ಎಂದು ಕೇಳಿದರೆ ಅದು ಟ್ಯಾಲಿಯ ಮಾತೇ. 1986ರಲ್ಲಿ ಶ್ಯಾಮ್‌ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ ಕಂಪನಿ ಇದು. ಅದರ ಕೇಂದ್ರ ಕಚೇರಿ ಇಲ್ಲೇ ಬೆಂಗಳೂರಿನಲ್ಲಿದೆ. 2009ರಲ್ಲಿ ಟ್ಯಾಲಿ ಇಆರ್‌ಪಿ 9 ಬಂತು, 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ಬಂತು. ಆದರೂ ಇಆರ್‌ಪಿ 9ರ ಪರದೆಯನ್ನೇ ಬಿಡದ ಅಂಗಡಿಗಳು ಇನ್ನೂ ಇವೆ. ಕೈಗೆ ಪಳಗಿದ್ದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ನಿಯಮಗಳು ಮುಂದೆ ಹೋಗುತ್ತಿರುವುದರಿಂದ ಮಾತ್ರ ಒಂದಲ್ಲ ಒಂದು ದಿನ ಬದಲಾಯಿಸಲೇಬೇಕಾಗುತ್ತದೆ.

ಆ ದಿನ ಬಂದಾಗ ಸಾಮಾನ್ಯವಾಗಿ ನಡೆಯುವುದೇನು? ಸರ್ವೀಸ್‌ನ ಹುಡುಗ ಬರುತ್ತಾನೆ, ಅರ್ಧ ಗಂಟೆಯಲ್ಲಿ ಹೊಸದನ್ನು ಹಾಕುತ್ತಾನೆ, ಪರದೆಯ ಮೇಲೆ ಕಂಪನಿಯ ಹೆಸರು ಕಂಡ ಕೂಡಲೇ ‘ಆಯ್ತು ಸಾರ್’ ಎಂದು ಹೊರಡುತ್ತಾನೆ. ಆದದ್ದು ಸಾಫ್ಟ್‌ವೇರ್ ಬದಲಾವಣೆ ಮಾತ್ರ. ಹತ್ತು ವರ್ಷದ ಲೆಕ್ಕ ಒಂದು ಪೈಸೆಯೂ ಕದಲದೆ ದಾಟಿದೆಯೇ ಎಂದು ನೋಡುವ ಕೆಲಸ ಅಲ್ಲಿಂದ ಶುರು. ಅದನ್ನು ಮಾಡಬೇಕಾದವರು ಮಾಲೀಕರು ಮತ್ತು ಲೆಕ್ಕ ಬರೆಯುವವರು.

ಮೊದಲು, ಯಾರಿಗೆ ಇದು ತುರ್ತು ಎಂದು ತಿಳಿದಿರಲಿ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಆಯ್ಕೆಯೇ ಇಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆ ತಾನಾಗಿಯೇ ಉಳಿಯಬೇಕು, ಅದನ್ನು ಆಫ್ ಮಾಡಲು ಬರಬಾರದು ಎಂಬ ನಿಯಮ ಜಾರಿಯಲ್ಲಿದೆ. ಯಾರು, ಯಾವಾಗ, ಯಾವ ವೋಚರನ್ನು ತಿದ್ದಿದರು ಎಂಬುದೆಲ್ಲ ಅಲ್ಲಿ ನಿಲ್ಲುತ್ತದೆ. ಆಡಿಟರ್ ತಮ್ಮ ವರದಿಯಲ್ಲಿ ಇದರ ಬಗ್ಗೆ ಹೇಳಲೇಬೇಕು. ಇದಕ್ಕೆಂದೇ ಟ್ಯಾಲಿಪ್ರೈಮ್‌ನಲ್ಲಿ ‘ಎಡಿಟ್ ಲಾಗ್’ ಎಂಬ ಪ್ರತ್ಯೇಕ ಆವೃತ್ತಿ ಇದೆ. ಸಾಮಾನ್ಯ ಟ್ಯಾಲಿಪ್ರೈಮ್‌ನಲ್ಲಿ ಈ ಸೌಲಭ್ಯವನ್ನು ಬೇಕಾದರೆ ಹಾಕಬಹುದು, ಬೇಡವಾದರೆ ತೆಗೆಯಬಹುದು. ಗೌರಿಬಿದನೂರಿನ ಕಾರ್ಖಾನೆಯವರು ಯಾವುದನ್ನು ಹಾಕಿಸುತ್ತಿದ್ದೇವೆ ಎಂದು ಕೇಳಿಯೇ ಹಾಕಿಸಿಕೊಳ್ಳಬೇಕು. ಸ್ವಂತ ಹೆಸರಿನ ಅಂಗಡಿಗೆ, ಪಾಲುದಾರಿಕೆ ಸಂಸ್ಥೆಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರನ್ನು ಹೊಸದಕ್ಕೆ ತಳ್ಳುವುದು ಜಿಎಸ್‌ಟಿ.

ಈಗ ತಯಾರಿ. ಅವಸರದಲ್ಲಿ ಎಲ್ಲರೂ ಹಾರಿಸಿಬಿಡುವ ಭಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲೈಸೆನ್ಸ್ ಯಾರ ಇಮೇಲ್‌ನಲ್ಲಿದೆ ನೋಡಿ. ಎಷ್ಟೋ ಕಡೆ ಅದು ಕೆಲಸ ಬಿಟ್ಟು ಹೋದ ಅಕೌಂಟೆಂಟ್‌ನದೋ, ಮಾರಿದವರದೋ ಆಗಿರುತ್ತದೆ. ಅದನ್ನು ಮಾಲೀಕರ ಇಮೇಲ್‌ಗೆ ಬದಲಾಯಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ. ಹೊಸ ಬಿಡುಗಡೆಗಳು ಸಿಗಬೇಕಾದರೆ ಟಿಎಸ್‌ಎಸ್ ಎಂಬ ವಾರ್ಷಿಕ ಚಂದಾ ಚಾಲ್ತಿಯಲ್ಲಿರಬೇಕು. ಕಂಪನಿಗೆ ‘ಟ್ಯಾಲಿ ವಾಲ್ಟ್’ ಪಾಸ್‌ವರ್ಡ್ ಹಾಕಿದ್ದರೆ ಅದು ನೆನಪಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದು ಮರೆತರೆ ಒಳಗಿನ ಲೆಕ್ಕವನ್ನು ತೆರೆಯುವ ದಾರಿಯೇ ಇರುವುದಿಲ್ಲ. ಕಂಪ್ಯೂಟರ್ 32 ಬಿಟ್‌ನ ಹಳೆಯದಾದರೆ ಟ್ಯಾಲಿಪ್ರೈಮ್ ನಡೆಯುವುದಿಲ್ಲ, 64 ಬಿಟ್ ವಿಂಡೋಸ್ ಬೇಕು. ಬಿಲ್ಲಿನ ವಿನ್ಯಾಸ, ತೂಕದ ಚೀಟಿ ಮುಂತಾದವಕ್ಕೆ ಹೊರಗಿನವರಿಂದ ಬರೆಸಿದ ಟಿಡಿಎಲ್ ಫೈಲುಗಳಿದ್ದರೆ ಅವು ಹೊಸದರಲ್ಲಿ ಹಾಗೆಯೇ ಓಡುತ್ತವೆ ಎಂಬ ಭರವಸೆ ಇಲ್ಲ. ಬರೆದುಕೊಟ್ಟವರನ್ನು ಮೊದಲೇ ಮಾತನಾಡಿಸಿ.

ದಿನ ಆರಿಸುವುದರಲ್ಲೂ ವಿವೇಕ ಬೇಕು. ಹೊಸ ವರ್ಷ, ಹೊಸ ಸಾಫ್ಟ್‌ವೇರ್ ಎಂದು ಏಪ್ರಿಲ್ 1ನ್ನು ಹಿಡಿಯುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಅದು ಒಳ್ಳೆಯ ದಿನವಲ್ಲ: ಮಾರ್ಚ್‌ನ ಎಂಟ್ರಿಗಳು ಇನ್ನೂ ಬಾಕಿ ಇರುತ್ತವೆ, ಸ್ಟಾಕ್ ಎಣಿಕೆ ಮುಗಿದಿರುವುದಿಲ್ಲ, ಸರ್ವೀಸ್‌ನವರು ಕೈಗೆ ಸಿಗುವುದಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಇವೆರಡೂ ಮುಗಿದ ಮೇಲೆ, 21ರ ನಂತರದ ಒಂದು ಸಂಜೆ ಸರಿಯಾದ ಹೊತ್ತು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ನಮ್ಮ ರಾಜ್ಯದಲ್ಲಿ 3ಬಿಗೆ 22 ಕೊನೆಯ ದಿನ, ಅವರು ಅದರಾಚೆಗೆ ಇಟ್ಟುಕೊಳ್ಳಲಿ.

ಆ ಸಂಜೆ, ಹಳೆಯ ಟ್ಯಾಲಿಯಲ್ಲಿ ಮೊದಲು ಕೆಲವು ವರದಿಗಳನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಟ್ರಯಲ್ ಬ್ಯಾಲೆನ್ಸ್, ಬರಬೇಕಾದ ಬಾಕಿಯ ಪಟ್ಟಿ, ಕೊಡಬೇಕಾದ ಬಾಕಿಯ ಪಟ್ಟಿ, ಸ್ಟಾಕ್ ಸಮ್ಮರಿ, ನಗದು ಮತ್ತು ಪ್ರತಿ ಬ್ಯಾಂಕ್ ಖಾತೆಯ ಶಿಲ್ಕು, ವೋಚರ್ ಬಗೆವಾರು ಒಟ್ಟು ಎಷ್ಟಿವೆ ಎಂಬ ಲೆಕ್ಕ. ಚಾಲ್ತಿ ವರ್ಷದ್ದು ಮಾತ್ರ ಸಾಲದು, ಹಿಂದಿನ ಎರಡು ಮೂರು ವರ್ಷಗಳ ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸೂ ಬೇಕು. ಈ ಹಾಳೆಗಳು ಕೈಯಲ್ಲಿಲ್ಲದಿದ್ದರೆ ನಾಳೆ ‘ಏನೋ ವ್ಯತ್ಯಾಸ ಕಾಣುತ್ತಿದೆ’ ಎಂದಾಗ ಯಾವುದರ ಜೊತೆ ಹೋಲಿಸುತ್ತೀರಿ?

ಆಮೇಲೆ ಬ್ಯಾಕಪ್. ಇಆರ್‌ಪಿ 9ರಲ್ಲಿ ಆಲ್ಟ್ ಎಫ್3 ಒತ್ತಿದರೆ ಬ್ಯಾಕಪ್ ಸಿಗುತ್ತದೆ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ವೈ. ಇದಲ್ಲದೆ ಡೇಟಾ ಫೋಲ್ಡರನ್ನೇ ಇಡಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಒಂದು ಪ್ರತಿ ಅಂಗಡಿಯಲ್ಲಿ, ಒಂದು ಮನೆಯಲ್ಲಿ ಇರಲಿ. ಬ್ಯಾಕಪ್ ತೆಗೆದರಷ್ಟೇ ಆಗಲಿಲ್ಲ, ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ದಾಟಿಸುವ ಕೆಲಸ ಟ್ಯಾಲಿಯೇ ಮಾಡುತ್ತದೆ. ಹೊಸದರಲ್ಲಿ ಹಳೆಯ ಡೇಟಾ ಇರುವ ಜಾಗ ತೋರಿಸಿದರೆ ‘ಮೈಗ್ರೇಟ್’ ಮಾಡಬೇಕೇ ಎಂದು ಅದು ಕೇಳುತ್ತದೆ. ಟ್ಯಾಲಿಪ್ರೈಮ್ 3.0 ಮತ್ತು ಅದರಾಚೆಯ ಬಿಡುಗಡೆಗಳಿಗೆ ಒಮ್ಮೆ ದಾಟಿದ ಡೇಟಾವನ್ನು ಹಳೆಯದರಲ್ಲಿ ಮತ್ತೆ ತೆರೆಯಲಾಗದು. ಹಾಗಾಗಿ ಅಸಲಿನ ಮೇಲೆ ಕೈ ಹಾಕದೆ ನಕಲನ್ನೇ ದಾಟಿಸಬೇಕು. ನಾಲ್ಕು ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕ ನಡೆಯುತ್ತಿದ್ದರೆ ನಾಲ್ಕನ್ನೂ ಒಂದೇ ದಿನ ಬದಲಾಯಿಸಬೇಕು. ಟ್ಯಾಲಿ 7.2ರಷ್ಟು ಹಳೆಯ ಕಾಲದ ಡೇಟಾ ಒಂದೇ ಜಿಗಿತದಲ್ಲಿ ಬರುವುದಿಲ್ಲ, ನಡುವೆ ಇಆರ್‌ಪಿ 9ರ ಮೆಟ್ಟಿಲು ಹತ್ತಿ ಬರಬೇಕು. ದೊಡ್ಡ ಡೇಟಾಗೆ ಹೊತ್ತು ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಡೇಟಾ ಕೆಡುವ ಅಪಾಯ ಇರುವುದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ. ಮುಗಿದ ಮೇಲೆ ಮುದ್ರಿಸಿಟ್ಟ ಹಾಳೆಗಳನ್ನು ಒಂದೊಂದಾಗಿ ಪರದೆಯ ಜೊತೆ ತಾಳೆ ನೋಡಿ, ಸರಿಯಿದ್ದ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಒಂದು ಸಾಲು ಹೊಂದದಿದ್ದರೂ ಹೊಸದರಲ್ಲಿ ಬಿಲ್ ಶುರು ಮಾಡಬೇಡಿ.

ಒಟ್ಟು ಮೊತ್ತ ತಾಳೆಯಾದ ಮೇಲೂ ತಪ್ಪು ಅಡಗಿರುವುದು ಜಿಎಸ್‌ಟಿಯ ಒಳ ವಿವರಗಳಲ್ಲಿ. ನಮ್ಮ ಜಿಲ್ಲೆಯ ವ್ಯಾಪಾರಕ್ಕೆ ಇದು ಹೆಚ್ಚು ಅನ್ವಯ. ರೇಷ್ಮೆ ಗೂಡಿಗೆ ತೆರಿಗೆ ಇಲ್ಲ, ಹುರಿ ಮಾಡದ ಕಚ್ಚಾ ರೇಷ್ಮೆಗೂ ಇಲ್ಲ. ರೇಷ್ಮೆ ನೂಲಿಗೆ ಶೇ. 5 ಇದೆ. ಮೂರನ್ನೂ ಒಂದೇ ‘ಸಿಲ್ಕ್’ ಎಂಬ ಹೆಸರಿನಲ್ಲಿ ಬರೆದುಕೊಂಡು ಬಂದಿದ್ದರೆ ಹಳೆಯದು ಸುಮ್ಮನಿದ್ದಿರಬಹುದು, ಹೊಸದು ಎಚ್‌ಎಸ್‌ಎನ್ ಸಂಖ್ಯೆ ಎಲ್ಲಿ ಎಂದು ಕೇಳುತ್ತದೆ. ಬೇರೆ ಬೇರೆ ಐಟಂ ಮಾಡಿಬಿಡಿ. ರೇಷ್ಮೆಯನ್ನು ಗ್ರಾಂ ಲೆಕ್ಕದಲ್ಲಿ ತೂಗುವವರು ಕೆ.ಜಿ.ಗೆ ಮೂರು ದಶಾಂಶ ಸ್ಥಾನ ಇದೆಯೇ ಎಂದೂ ನೋಡಬೇಕು.

ಗೌರಿಬಿದನೂರಿನವರಿಗೆ ಹಿಂದೂಪುರ, ಚಿಂತಾಮಣಿಯವರಿಗೆ ಮದನಪಲ್ಲಿ ದಿನನಿತ್ಯದ ವ್ಯವಹಾರದ ಊರುಗಳು. ಭಾಷೆ, ಬಾಂಧವ್ಯ ಎಲ್ಲ ಒಂದೇ ಆದರೂ ತೆರಿಗೆಗೆ ಅದು ಹೊರರಾಜ್ಯ. ನಮ್ಮ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ, ಆಂಧ್ರದ್ದು 37ರಿಂದ. ಹಿಂದೂಪುರದ ಪಾರ್ಟಿಯ ಖಾತೆಯಲ್ಲಿ ರಾಜ್ಯದ ಹೆಸರು ಖಾಲಿ ಇದ್ದರೆ ಅಥವಾ ಕರ್ನಾಟಕ ಎಂದಿದ್ದರೆ ಐಜಿಎಸ್‌ಟಿ ಬರಬೇಕಾದ ಕಡೆ ರಾಜ್ಯದ ತೆರಿಗೆ, ಕೇಂದ್ರದ ತೆರಿಗೆ ಎಂದು ಒಡೆದು ಬೀಳುತ್ತದೆ. ಗಡಿಯಾಚೆಯ ಪಾರ್ಟಿಗಳ ಪಟ್ಟಿ ತೆಗೆದು ಪ್ರತಿಯೊಂದನ್ನೂ ತೆರೆದು ನೋಡುವುದು ಬೇಸರದ ಕೆಲಸವೇ, ಆದರೂ ಮಾಡಲೇಬೇಕು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಹನಿ ನೀರಾವರಿ ಸಾಮಗ್ರಿ ಶೇ. 12ರಿಂದ 5ಕ್ಕೆ ಇಳಿಯಿತು. ಐಟಂನಲ್ಲಿ 12 ಅಳಿಸಿ 5 ಎಂದು ಬರೆದುಬಿಟ್ಟರೆ ಆ ದಿನಕ್ಕಿಂತ ಹಿಂದಿನ ಬಿಲ್ಲುಗಳ ವಿವರ ರಿಟರ್ನ್ ವರದಿಯಲ್ಲಿ ಗೊಂದಲಕ್ಕೆ ಸಿಲುಕುತ್ತದೆ. ಹೊಸ ದರವನ್ನು ‘ಈ ದಿನಾಂಕದಿಂದ’ ಎಂದು ಸೇರಿಸಬೇಕು. ಹಳೆಯ ದರ ಅದರ ಕಾಲಕ್ಕೆ ಹಾಗೆಯೇ ಉಳಿಯಬೇಕು.

ಬಿಲ್ ಸಂಖ್ಯೆಯ ಸರಣಿಯನ್ನೂ ಗಮನಿಸಿ. ಒಂದು ಹಣಕಾಸು ವರ್ಷದಲ್ಲಿ ಒಂದು ಬಿಲ್ ಸಂಖ್ಯೆ ಎರಡು ಸಲ ಬರುವಂತಿಲ್ಲ, ಅದು 16 ಅಕ್ಷರ ಮೀರುವಂತಿಲ್ಲ. ಹೊಸದರಲ್ಲಿ ಮೊದಲ ಬಿಲ್ ಹಾಕುವಾಗ ಹಳೆಯದರ ಕೊನೆಯ ಸಂಖ್ಯೆಯ ಮುಂದಿನದೇ ಬರುತ್ತಿದೆಯೇ ನೋಡಿ. ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಒಂದೇ ಸಂಖ್ಯೆ ಎರಡನೇ ಸಲ ಹೋದರೆ ಪೋರ್ಟಲ್ ಅಲ್ಲೇ ತಿರಸ್ಕರಿಸುತ್ತದೆ, ಸರಕು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುತ್ತದೆ.

ಮೊದಲ ತಿಂಗಳ ಜಿಎಸ್‌ಟಿಆರ್-1ನ್ನು ಹೊಸದರಿಂದ ತೆಗೆದಾಗ, ಹಿಂದೆಯೇ ಸಲ್ಲಿಸಿ ಮುಗಿಸಿದ ತಿಂಗಳುಗಳೂ ಬಾಕಿ ಎಂಬಂತೆ ಕಾಣಬಹುದು. ಅವನ್ನು ಸಲ್ಲಿಸಿದವು ಎಂದು ಗುರುತು ಮಾಡಿದರೆ ಸಾಕು. ‘ಅನಿಶ್ಚಿತ ವಹಿವಾಟುಗಳು’ ಎಂದು ಅದು ಬೇರೆ ಇಟ್ಟದ್ದನ್ನು ಮಾತ್ರ ಒಂದೊಂದಾಗಿ ಬಿಡಿಸಬೇಕು, ಅದರಲ್ಲಿರುವುದೆಲ್ಲ ನಿಮ್ಮ ನಿಜವಾದ ಬಿಲ್ಲುಗಳು. ಆ ರಿಟರ್ನ್ ಪೋರ್ಟಲ್‌ನಲ್ಲಿ ಸರಿಯಾಗಿ ಹೋಗುವವರೆಗೆ ಹಳೆಯ ಟ್ಯಾಲಿಯನ್ನು ಕಂಪ್ಯೂಟರಿನಿಂದ ತೆಗೆಸಬೇಡಿ. ಹಳೆಯ ಡೇಟಾ ಪ್ರತಿಯನ್ನಂತೂ ಕಂಪನಿಗಳು ಎಂಟು ವರ್ಷ ಇಟ್ಟುಕೊಳ್ಳಬೇಕು, ಜಿಎಸ್‌ಟಿ ನೋಂದಣಿ ಇರುವ ಉಳಿದವರು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು. ಪೆನ್‌ಡ್ರೈವ್ ಮೇಲೆ ವರ್ಷ, ಆವೃತ್ತಿ, ಪಾಸ್‌ವರ್ಡ್ ಗೊತ್ತಿರುವವರ ಹೆಸರು ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿಡಿ.