ಸಿಗಡಿ ಕೊಳದ ನೀರು: ಲೆಕ್ಕಕ್ಕೆ ಬಾರದ ದುಡಿಯುವ ಬಂಡವಾಳ

ಕರಾವಳಿಯ ನನ್ನ ಕಕ್ಷಿದಾರರೊಬ್ಬರು ಸಿಗಡಿ ಆಹಾರದ ವ್ಯಾಪಾರಿಗಳು. ಕೆಲವು ವರ್ಷಗಳ ಹಿಂದೆ ಅವರ ಲೆಕ್ಕಪತ್ರ ಪರಿಶೀಲಿಸುವಾಗ, ವಸೂಲಾಗದ ಉದ್ದರಿ ಬಾಕಿಯ ಪಟ್ಟಿ ಒಮ್ಮೆಲೇ ಉದ್ದವಾಗಿರುವುದು ಕಂಡುಬಂದಿತು. ಕಾರಣ ವಿಚಾರಿಸಲಾಗಿ, “ಕೊಳಕ್ಕೆ ರೋಗ ಬಂತು, ಬೆಳೆಗಾರರು ಎಲ್ಲಿಂದ ಕೊಡುತ್ತಾರೆ ಸ್ವಾಮಿ?” ಎಂಬ ಉತ್ತರ ದೊರೆಯಿತು. ಅಚ್ಚರಿಯೆಂದರೆ, ಅದೇ ಬೆಳೆಗಾರರು ನೀರಿನ ಶುದ್ಧೀಕರಣಕ್ಕೆ ಧಾರಾಳವಾಗಿ ಖರ್ಚು ಮಾಡಿದ್ದರು. ಒಂದು ಹೆಕ್ಟೇರ್ ವಿಸ್ತೀರ್ಣದ, ಒಂದು ಮೀಟರ್ ಆಳದ ಕೊಳದಲ್ಲಿ 10,000 ಘನ ಮೀಟರ್ ನೀರಿರುತ್ತದೆ. ಹತ್ತು ಲಕ್ಷಕ್ಕೆ 60 ಭಾಗದಂತೆ ಬ್ಲೀಚಿಂಗ್ ಪೌಡರ್ ಹಾಕಿದರೂ 600 ಕಿಲೋ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ರೋಗ ಬರುವುದೇಕೆ?

ನಮ್ಮ ವರ್ತಕ ಬಂಧುಗಳಿಗೆ ಚಕ್ರಬಡ್ಡಿಯ ಪರಿಚಯ ಹೇಳಿಕೊಡಬೇಕಾಗಿಲ್ಲ. ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಗುಂಪಿನ ಲೆಕ್ಕವೂ ಅದೇ. ಅನುಕೂಲ ಒದಗಿದರೆ ಇವು ಇಪ್ಪತ್ತು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಇಮ್ಮಡಿಯಾಗಬಲ್ಲವು. ಇಪ್ಪತ್ತು ನಿಮಿಷವೆಂದೇ ಹಿಡಿದರೂ ಒಂದು ಜೀವಾಣು ಏಳು ಗಂಟೆಯೊಳಗೆ ಹತ್ತು ಲಕ್ಷವನ್ನು ಮೀರುತ್ತದೆ. ಕ್ಲೋರಿನ್ ನೀರಿನಲ್ಲಿರುವ ಬಹುಪಾಲು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಆದರೆ ಅವುಗಳ ಆಹಾರವನ್ನು ಇಲ್ಲವಾಗಿಸುವುದಿಲ್ಲ. ಸತ್ತ ಪಾಚಿ ಮತ್ತು ಬ್ಯಾಕ್ಟೀರಿಯಾಗಳೇ ಹೊಸ ಆಹಾರವಾಗುತ್ತವೆ. ಪೈಪೋಟಿಯಿಲ್ಲದ ಆ ಖಾಲಿ ಪೇಟೆಗೆ ಮೊದಲು ನುಗ್ಗುವುದು ಬೇಗ ಬೆಳೆಯುವ ವಿಬ್ರಿಯೋ. ನಿಧಾನವಾಗಿ ಬೆಳೆದರೂ ಅಲ್ಪ ಆಹಾರದಲ್ಲಿ ಬಾಳಬಲ್ಲ ಸಾಧು ಬ್ಯಾಕ್ಟೀರಿಯಾಗಳು ನೆಲೆಯೂರಲು ಕಾಲಾವಕಾಶ ಬೇಕು. ಅವು ನೆಲೆಯೂರಿದ ನೀರನ್ನು ‘ಪಕ್ವಗೊಂಡ ನೀರು’ ಎನ್ನಬಹುದು.

ಇದರ ಬೆಲೆ ಏನೆಂಬುದನ್ನು ಆಗ್ನೇಯ ಏಷ್ಯಾ ಕಂಡಿದೆ. 2009ರ ಸುಮಾರಿಗೆ ಚೀನಾದಲ್ಲಿ ಕಾಣಿಸಿಕೊಂಡ ‘ಶೀಘ್ರ ಮರಣ’ ರೋಗವು ವಿಯೆಟ್ನಾಮಿಗೂ, ಬಳಿಕ ಥಾಯ್ಲೆಂಡಿಗೂ ಹಬ್ಬಿತು. ಮರಿ ಬಿಟ್ಟು ಒಂದು ತಿಂಗಳು ಕಳೆಯುವಷ್ಟರಲ್ಲೇ ಕೊಳಗಳು ಬರಿದಾಗುತ್ತಿದ್ದವು. 2013ರಲ್ಲಿ ಥಾಯ್ಲೆಂಡಿನ ಉತ್ಪಾದನೆ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ವರ್ಷ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ಅವರ ತಂಡವು, ವಿಬ್ರಿಯೋ ಪ್ಯಾರಾಹೀಮೋಲಿಟಿಕಸ್‌ನ ವಿಷಕಾರಿ ತಳಿಯೊಂದು ಸಿಗಡಿಯ ಜೀರ್ಣಗ್ರಂಥಿಯನ್ನು ಹಾಳುಗೆಡಹುತ್ತದೆ ಎಂದು ಕಂಡುಹಿಡಿಯಿತು. ಆ ಬಳಿಕ ಥಾಯ್ ಬೆಳೆಗಾರರಲ್ಲಿ ಅನೇಕರು ಪ್ಲಾಸ್ಟಿಕ್ ಹಾಸಿದ ಚಿಕ್ಕ ಕೊಳಗಳಿಗೆ ಬಂದರು. ನಡುವೆ ಗುಂಡಿ ತೋಡಿ ಹಿಕ್ಕೆ ಮತ್ತು ಕೆಸರನ್ನು ಹೊರತೆಗೆಯುವ ಏರ್ಪಾಡು ಮಾಡಿಕೊಂಡರು. ಆ ಗುಂಡಿಗೆ ಅವರು ಇಟ್ಟ ಹೆಸರು ‘ಸಿಗಡಿಯ ಶೌಚಾಲಯ’!

ಕೆಸರಿನ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ. ಶೇ. 35 ಪ್ರೋಟೀನ್ ಇರುವ 100 ಕಿಲೋ ಆಹಾರದಲ್ಲಿ ಸುಮಾರು 5.6 ಕಿಲೋ ಸಾರಜನಕವಿರುತ್ತದೆ. ಸಿಗಡಿಯ ಮೈಗೆ ಸೇರುವುದು ಅದರ ಕಾಲುಭಾಗದಷ್ಟು ಮಾತ್ರ. ಮಿಕ್ಕ ನಾಲ್ಕು ಕಿಲೋಗೂ ಹೆಚ್ಚಿನ ಸಾರಜನಕ, ಅಂದರೆ ನೀವು ಹಣ ಕೊಟ್ಟು ಕೊಂಡ ಸರಕು, ಅಮೋನಿಯ ಮತ್ತು ಕೆಸರಿನ ರೂಪದಲ್ಲಿ ಕೊಳದಲ್ಲೇ ಉಳಿಯುತ್ತದೆ. ಇಸ್ರೇಲಿನ ಯೋರಾಮ್ ಅವ್ನಿಮೆಲೆಕ್ ಮೊದಲಾದವರು ಬೆಳೆಸಿದ ಬಯೋಫ್ಲಾಕ್ ಪದ್ಧತಿಯಲ್ಲಿ ಕಾಕಂಬಿಯಂತಹ ಪಿಷ್ಟ-ಸಕ್ಕರೆ ಪದಾರ್ಥ ಬೆರೆಸಿ, ಈ ಅಮೋನಿಯವನ್ನು ಬ್ಯಾಕ್ಟೀರಿಯಾಗಳು ಹೀರುವಂತೆ ಮಾಡಲಾಗುತ್ತದೆ. ಒಂದು ಭಾಗ ಸಾರಜನಕಕ್ಕೆ ಸುಮಾರು 20 ಭಾಗ ಪಿಷ್ಟ ಬೇಕೆಂಬುದು ಅಂದಾಜು. ಹೀಗೆ ಬೆಳೆದ ಬ್ಯಾಕ್ಟೀರಿಯಾ ಗುಚ್ಛಗಳನ್ನು ಸಿಗಡಿಯೇ ತಿನ್ನುತ್ತದೆ. ಆದರೆ ಅವೂ ಉಸಿರಾಡುತ್ತವೆ. ಏರೇಟರ್ ನಿಂತರೆ ಆಮ್ಲಜನಕ ಬಹುಬೇಗ ಕುಸಿಯುತ್ತದೆ. ನಮ್ಮ ವಿದ್ಯುತ್ ಪೂರೈಕೆಯನ್ನು ಬಲ್ಲವರು, ಜನರೇಟರ್ ಇಲ್ಲದೆ ಈ ಪದ್ಧತಿಗೆ ಕೈಹಾಕದಿರುವುದು ಲೇಸು.

ಹಾಗೆಂದು ಬ್ಲೀಚಿಂಗ್ ವ್ಯರ್ಥವೆಂದು ಯಾರೂ ತಿಳಿಯಬಾರದು. 1990ರ ದಶಕದ ಮಧ್ಯಭಾಗದಲ್ಲಿ ನಮ್ಮ ದೇಶದ ಟೈಗರ್ ಸಿಗಡಿ ಕೃಷಿಯನ್ನು ನೆಲಕಚ್ಚಿಸಿದ ಬಿಳಿಚುಕ್ಕೆ ರೋಗ ವೈರಸ್ಸಿನಿಂದ ಬರುವಂಥದು. ವೈರಸ್ ಹೊತ್ತು ತರುವ ಏಡಿ, ಕಾಡುಸಿಗಡಿಗಳನ್ನು ತಡೆಯಲು ನೀರಿನ ಸೋಸುವಿಕೆ, ಸಂಗ್ರಹ ಕೊಳದಲ್ಲಿ ಕ್ಲೋರಿನ್ ಬಳಕೆ, ಪರೀಕ್ಷಿಸಿದ ಮರಿ ಇವೆಲ್ಲವೂ ಬೇಕೇ ಬೇಕು. ಎಂಥ ಪಕ್ವವಾದ ನೀರೂ ಸೋಂಕಿನ ಮರಿಯನ್ನು ಕಾಪಾಡದು. ತಪ್ಪು ಇರುವುದು ಕ್ಲೋರಿನ್ ಆರಿದ ಮರುದಿನವೇ ಮರಿ ಬಿಡುವ ಆತುರದಲ್ಲಿ, ಆಮೇಲೆ ತಟ್ಟೆಯಲ್ಲಿ ಉಳಿದ ಆಹಾರ ನೋಡದೆ ಸುರಿಯುವುದರಲ್ಲಿ, ಕಾಯಿಲೆ ಕಂಡಾಗ ಆಂಟಿಬಯೋಟಿಕ್ ಹುಡುಕುವುದರಲ್ಲಿ. ನಿಷೇಧಿತ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳ ಅತ್ಯಲ್ಪ ಶೇಷ ಪತ್ತೆಯಾದರೂ ರಫ್ತಿನ ಸರಕು ತಿರಸ್ಕೃತವಾಗುತ್ತದೆ.

ಪ್ರೊಬಯಾಟಿಕ್ ಪೊಟ್ಟಣಗಳ ಬಗ್ಗೆಯೂ ಒಂದು ಮಾತು. ಬ್ಯಾಸಿಲಸ್ ಬ್ಯಾಕ್ಟೀರಿಯಾ ಕೆಸರು ಕರಗಿಸಲು ನೆರವಾಗುತ್ತದೆ ನಿಜ. ಆದರೆ ಒಮ್ಮೆ ಎರಚಿ ಮರೆತರೆ ಫಲವಿಲ್ಲ. ಜೀವಂತ ಕಣಗಳ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನಮೂದಿಸದ ಸರಕನ್ನು ನಮ್ಮ ಮಾರಾಟಗಾರರು ದಾಸ್ತಾನು ಮಾಡದಿರುವುದು ಒಳಿತು.

ವಿಬ್ರಿಯೋ ಎಣಿಕೆಗೆ ಟಿ.ಸಿ.ಬಿ.ಎಸ್. ತಟ್ಟೆಯ ಪರೀಕ್ಷೆಯಿದೆ. ಪ್ಯಾರಾಹೀಮೋಲಿಟಿಕಸ್ ಅದರಲ್ಲಿ ಸಾಮಾನ್ಯವಾಗಿ ಹಸಿರು ಚುಕ್ಕೆಯಾಗಿ ಮೂಡುತ್ತದೆ. ಹಸಿರೆಲ್ಲ ವಿಷಕಾರಿಯಲ್ಲ, ಹಳದಿಯೆಲ್ಲ ನಿರುಪದ್ರವಿಯೂ ಅಲ್ಲ. ಆದರೆ ವಾರದಿಂದ ವಾರಕ್ಕೆ ಹಸಿರು ಏರುತ್ತಿದ್ದರೆ ಆಹಾರ ತಗ್ಗಿಸಿ ಕೆಸರು ತೆಗೆಯಲು ಅದೇ ಸೂಚನೆ. ನನ್ನ ಕಕ್ಷಿದಾರರು ಈಗ ಉದ್ದರಿ ಕೊಡುವ ಮುನ್ನ ಬೆಳೆಗಾರರಿಂದ ಎರಡು ಕಾಗದ ಕೇಳುತ್ತಾರೆ: ಮರಿಯ ಪರೀಕ್ಷಾ ವರದಿ ಮತ್ತು ವಾರದ ಈ ಎಣಿಕೆಯ ಪುಸ್ತಕ. ಪುಸ್ತಕ ಇಡದವರಿಗೆ ನಗದು ವ್ಯಾಪಾರ ಮಾತ್ರ.